ರಿಜಿಸ್ಟರಿನಲ್ಲಿ ಮಾತ್ರ ಇದ್ದ ಪೌಡರ್

ಹೋದ ಬೇಸಿಗೆಯಲ್ಲಿ ನನಗೆ ದಿನಾ ತಲೆನೋವು. ಹುಬ್ಬಿನ ಹತ್ತಿರ ಶುರುವಾಗಿ ಹೊತ್ತೇರಿದಂತೆ ನೆತ್ತಿಗೆ ಹತ್ತುತ್ತಿತ್ತು. ಭಾಲ್ಕಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಮೊದಲು ಶುಂಠಿ ತೇಯ್ದು ಹಚ್ಚಿದಳು, ಆಮೇಲೆ ಅಂಗಡಿಯಿಂದ ಗುಳಿಗೆ ತಂದುಕೊಟ್ಟಳು, ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾನು ಒಲ್ಲೆ ಎನ್ನುತ್ತಿದ್ದೆ. ಕಾರಣ ನನಗೆ ಗೊತ್ತಿದೆ ಎಂಬ ನಂಬಿಕೆ ನನ್ನದು. ಒಬ್ಬ ಹೆಣ್ಣುಮಗಳ ಅನ್ನ ಕಳೆದವನು ನಾನು. ಆ ಪಾಪವೇ ಮುದಿತನದಲ್ಲಿ ತಲೆಯೊಳಗೆ ಕುಳಿತು ಕುಟ್ಟುತ್ತಿದೆ, ಇದಕ್ಕೆ ಯಾವ ಡಾಕ್ಟರ ಹತ್ತಿರವೂ ಔಷಧ ಇಲ್ಲ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸಮಾಧಾನವೂ ಇತ್ತು. ಶಿಕ್ಷೆ ಶುರುವಾಗಿದೆ, ಇನ್ನು ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ ಎಂಬ ಸಮಾಧಾನ.

ಡಾಕ್ಟರು ಹರೆಯದವರು. ಸಾವಧಾನವಾಗಿ ಕೇಳುತ್ತ ಹೋದರು. ಚಹಾ ತಪ್ಪಿದ ದಿನ ಹೆಚ್ಚಾಗುತ್ತದೆಯೇ, ಹೊಟ್ಟೆ ಹಸಿದಾಗ ಬರುತ್ತದೆಯೇ, ಬಿಸಿಲಿಗೆ ಹೋಗುತ್ತೀರಾ, ನೀರು ಎಷ್ಟು ಕುಡಿಯುತ್ತೀರಿ, ನಿದ್ದೆ ಬರುತ್ತದೆಯೇ, ಮೂಗು ಕಟ್ಟುತ್ತದೆಯೇ, ಹಲ್ಲು ನೋಯುತ್ತವೆಯೇ, ಜ್ವರ ಇದೆಯೇ, ವಾಂತಿ ಆಗಿದೆಯೇ, ಕುತ್ತಿಗೆ ಬಗ್ಗಿಸಲು ಬರುತ್ತದೆಯೇ. ಬಿ.ಪಿ. ನೋಡಿದರು. ಕಡೆಗೆ ಗೋಡೆಯ ಮೇಲಿನ ಅಕ್ಷರ ಓದಿಸಿದರು. ನಾಲ್ಕನೆಯ ಸಾಲಿಗೆ ನಾನು ತಡವರಿಸಿದೆ.

"ತಲಿನೋವಂದ್ರ ಅದೇ ಒಂದು ರೋಗ ಅಲ್ರಿ ಅಜ್ಜಾರ," ಅಂದರು. "ಸಾವಿರ ಕಾರಣಕ್ಕ ಬರ್ತದ. ನಿಮ್ದು ಚಸ್ಮಾದ ನಂಬರ್ ಬದಲಾಗ್ಯಾದ, ಮ್ಯಾಲ ನೀರ್ ಕಮ್ಮಿ ಕುಡಿತೀರಿ. ಅಷ್ಟೇ ಅದ."

ಹೊಸ ಕನ್ನಡಕ ಬಂತು. ಎಂಟು ದಿನದಲ್ಲಿ ತಲೆನೋವು ಹೋಯಿತು. ಮಗಳು ಖುಷಿಪಟ್ಟಳು. ನನಗೆ ಮಾತ್ರ ಯಾರೋ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷದಲ್ಲಿ ನನಗೆ ಯಾವ ಶಿಕ್ಷೆಯೂ ಆಗಿರಲಿಲ್ಲ. ಶಿಕ್ಷೆ ಎಂದು ನಾನು ಅಪ್ಪಿಕೊಂಡದ್ದು ಕನ್ನಡಕದ ನಂಬರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಔರಾದ ತಾಲ್ಲೂಕಿನವನು. ಸಂತಪುರದಲ್ಲಿ ಬಸ್ಸು ಇಳಿದು ಇನ್ನೂ ಒಳಗೆ ಹೋಗಬೇಕಾದ ಒಂದು ಹಳ್ಳಿ. ಅಲ್ಲಿ ಪಂಚಾಯತಿಯ ವಾಟರ್‌ಮನ್ ಆಗಿದ್ದೆ. ಬೋರಿನ ಮೋಟರು ಚಾಲು ಮಾಡುವುದು, ನೀರಿನ ಟಾಕಿ ತುಂಬಿಸುವುದು, ಓಣಿ ಓಣಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು, ಟಾಕಿಯ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದು, ವಾರಕ್ಕೊಮ್ಮೆ ಔರಾದಿಗೆ ಹೋಗಿ ಪಂಚಾಯತಿಯ ಟಪಾಲು ತರುವುದು, ಇವು ನನ್ನ ಕೆಲಸ. ಈ ಕೆಲಸ ನನಗೆ ಸಿಕ್ಕಿದ್ದೇ ನಾನು ಹೈಸ್ಕೂಲು ಓದಿದವನು ಎಂಬ ಕಾರಣಕ್ಕೆ. ರಿಜಿಸ್ಟರು ಬರೆಯಲು ಅಕ್ಷರ ಬಲ್ಲವನು ಬೇಕಾಗಿತ್ತು.

ಹೈಸ್ಕೂಲನ್ನು ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದೆ. ಅಲ್ಲಿ ವಿಜ್ಞಾನದ ಮಾಸ್ತರರು ಒಂದು ದಿನ ರಸ್ತೆ ಬದಿಯ ಹೊಂಡದಿಂದ ನೀರು ತಂದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನಾವು ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ನೋಡಿದೆವು. ಬರಿಗಣ್ಣಿಗೆ ತಿಳಿಯಾಗಿ ಕಾಣುತ್ತಿದ್ದ ಆ ಹನಿಯಲ್ಲಿ ಏನೇನೋ ಓಡಾಡುತ್ತಿದ್ದವು, ತಿರುಗುತ್ತಿದ್ದವು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಮಾಸ್ತರರು ಇವು ದೊಡ್ಡವು, ಜ್ವರ ತರುವವು ಇವಕ್ಕಿಂತ ಎಷ್ಟೋ ಸಣ್ಣವು, ಈ ಯಂತ್ರಕ್ಕೂ ನೆಟ್ಟಗೆ ಕಾಣುವುದಿಲ್ಲ ಎಂದು ಹೇಳಿದರು. ನೀರು ತಿಳಿಯಾಗಿದೆ ಎಂದರೆ ಚೊಲೊ ಇದೆ ಎಂದಲ್ಲ ಎಂದೂ ಹೇಳಿದರು. ನಮ್ಮ ಹಳ್ಳಿಯಲ್ಲಿ ಆ ಹನಿಯನ್ನು ಕಣ್ಣಾರೆ ಕಂಡವನು ನಾನೊಬ್ಬನೇ ಇರಬೇಕು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಮೊದಲ ವರ್ಷಗಳಲ್ಲಿ ಕೆಲಸ ನೆಟ್ಟಗೆ ಮಾಡಿದೆ. ಬಕೆಟ್ಟಿನಲ್ಲಿ ಪೌಡರನ್ನು ಕಲಸಿ, ಸುಣ್ಣ ತಳಕ್ಕೆ ಕೂಡುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹೊತ್ತು ಏಣಿ ಹತ್ತಿ ಟಾಕಿಗೆ ಸುರಿಯಬೇಕು. ಅರ್ಧ ಗಂಟೆ ಕಾದು ನೀರು ಬಿಡಬೇಕು. ಪೌಡರಿನ ಚೀಲ ಬಿಚ್ಚಿದರೆ ಕಣ್ಣು ಉರಿಯುತ್ತಿತ್ತು, ಮೂಗಿನೊಳಗೆ ಸೂಜಿ ಆಡಿಸಿದಂತಾಗುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ದಿನಾ ಗೊಣಗುತ್ತಿದ್ದರು. ನೀರು ದವಾಖಾನೆಯ ವಾಸನೆ ಹೊಡೆಯುತ್ತದೆ, ಚಹಾ ಕೆಟ್ಟುಹೋಗುತ್ತದೆ, ಕುಡಿದರೆ ತಲೆ ಹಿಡಿಯುತ್ತದೆ ಎಂದು. ಎಲ್ಲರಿಗಿಂತ ಹೆಚ್ಚು ಗೊಣಗಿದ್ದು ಪಂಚಾಯತಿಯ ಸದಸ್ಯರೊಬ್ಬರ ತಾಯಿ. ಆ ಸದಸ್ಯರೇ ಸಾಲೆಯ ಕಮಿಟಿಗೂ ಹಿರಿಯರು, ಊರಲ್ಲಿ ಅವರ ಮಾತು ನಡೆಯುತ್ತಿತ್ತು. ಒಂದು ದಿನ ದಾರಿಯಲ್ಲಿ ನಿಲ್ಲಿಸಿ, "ನಮ್ಮವ್ವಗ ತಲಿ ಸಿಡಿಲಾಕತ್ತದ. ಜರಾ ಕಮ್ಮಿ ಹಾಕೋ ಮಾರಾಯಾ," ಅಂದರು.

ಆ ತಲೆನೋವಿನ ನಿಜ ನಾನು ಬಲ್ಲೆ. ಆ ಮುದುಕಿ ವಾರದಲ್ಲಿ ಎರಡು ದಿನ ಉಪವಾಸ ಮಾಡುತ್ತಿದ್ದಳು, ಮಧ್ಯಾಹ್ನದ ತನಕ ಚಹಾ ಕೂಡ ಮುಟ್ಟುತ್ತಿರಲಿಲ್ಲ. ನಲ್ಲಿಯ ಹೆಂಗಸರು ತೊಗರಿ ಹೊಲದಲ್ಲಿ ಬಿಸಿಲಿಗೆ ಬೆಂದು, ಹೊಗೆಯ ಒಲೆಯ ಮುಂದೆ ಕೂತು ಬಂದವರು. ಒಮ್ಮೆ ಪೌಡರ್ ಮುಗಿದು ಮೂರು ದಿನ ಏನೂ ಹಾಕಿರಲಿಲ್ಲ. ಮೂರನೆಯ ದಿನವೂ ಒಬ್ಬಾಕೆ ಕೊಡ ಎತ್ತಿಕೊಳ್ಳುತ್ತ, ನಿನ್ನ ದವಾ ಕುಡಿದು ತಲೆ ಒಡೆದುಹೋಗಿದೆ ಎಂದು ನನ್ನನ್ನು ಬೈದಳು. ನಾನು ನಕ್ಕೆ. ಪೌಡರಿಗೂ ಅವರ ತಲೆನೋವಿಗೂ ಸಂಬಂಧವಿಲ್ಲ ಎಂದು ಅಂದೇ ನನಗೆ ಖಾತ್ರಿಯಾಯಿತು.

ಆದರೂ ನಿಲ್ಲಿಸಿದೆ. ಮೊದಲು ಅರ್ಧ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಪೂರಾ. ಯಾರಾದರೂ ಕೇಳಿದರೆ ಜನರ ಸಲುವಾಗಿ ಎಂದು ಹೇಳುವವನಿದ್ದೆ. ಅದು ಸುಳ್ಳು. ಏಣಿ ಹತ್ತುವುದು ತಪ್ಪಿತು, ಕಣ್ಣುರಿ ತಪ್ಪಿತು, ನಲ್ಲಿಯ ಬೈಗುಳ ತಪ್ಪಿತು. ನೀರು ಈಗ ಸಕ್ಕರೆಯಂತಾಗಿದೆ ಎಂದು ಅದೇ ಹೆಂಗಸರು ನನ್ನನ್ನು ಹೊಗಳತೊಡಗಿದರು. ರಿಜಿಸ್ಟರಿನಲ್ಲಿ ಮಾತ್ರ ದಿನಾ ಪೌಡರ್ ಬೀಳುತ್ತಿತ್ತು. ತಾರೀಖು, ಪ್ರಮಾಣ, ನನ್ನ ಸಹಿ. ನನ್ನ ಅಕ್ಷರ ಚೆಂದ.

ಇನ್ನು ಆ ಹೆಣ್ಣುಮಗಳ ವಿಷಯ. ಊರಿನ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಾಕೆ. ಚರ್ಚಿಗೆ ನಡೆದುಕೊಳ್ಳುವ ಮನೆತನ, ಗಂಡ ತೀರಿಕೊಂಡಿದ್ದ. ದೊಡ್ಡವರು ಸಣ್ಣವರು ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ನಾಲ್ಕಾರು ಮನೆಯವರು ತಮ್ಮ ಮಕ್ಕಳಿಗೆ ಆಕೆಯ ಕೈಯ ಅಡುಗೆ ಉಣ್ಣಬೇಡಿ ಎಂದು ಹೇಳಿ ಕಳಿಸುತ್ತಿದ್ದರು, ಮಕ್ಕಳು ಸಾಲೆಗೆ ಬಂದು ಉಣ್ಣುತ್ತಿದ್ದವು. ಆಕೆಯ ಬ್ಯಾಳಿ ಸಾರು ಅಷ್ಟು ರುಚಿ. ನಾನೂ ಸಾಲೆಯ ಟಾಕಿ ನೋಡುವ ನೆಪ ಮಾಡಿಕೊಂಡು ಹೋಗಿ ಎಷ್ಟೋ ಸಲ ಉಂಡಿದ್ದೇನೆ. ಮಕ್ಕಳು ಸಾಬೂನು ಹಚ್ಚಿ ಕೈ ತೊಳೆಯದೆ ತಾಟು ಮುಟ್ಟಿದರೆ ಆಕೆ ಬಡಿಸುತ್ತಿರಲಿಲ್ಲ. ತಾಟುಗಳನ್ನು ಎರಡು ಸಲ ತೊಳೆಸುತ್ತಿದ್ದಳು. ಉಂಡ ಮೇಲೆ ಮಕ್ಕಳಿಗೆ ಹೊಟ್ಟೆ ತುಂಬ ನೀರು ಕುಡಿಸುತ್ತಿದ್ದಳು. ಎಲ್ಲವೂ ನಾನು ಬಿಟ್ಟ ನೀರು.

ಆ ವರ್ಷ ಮಳೆ ಜೋರಾಗಿತ್ತು. ಸಾಲೆಯ ಓಣಿಯಲ್ಲಿ ಪೈಪು ಚರಂಡಿಯ ದಂಡೆಯಲ್ಲೇ ಹಾದು ಬರುತ್ತದೆ. ಅಲ್ಲೊಂದು ವಾಲ್ವಿನ ಗುಂಡಿ. ಗುಂಡಿಯೊಳಗೆ ಪೈಪಿನ ಜಾಯಿಂಟು ಸೋರುತ್ತಿತ್ತು, ನಾನು ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದೆ. ಮಳೆಗೆ ಚರಂಡಿ ಉಕ್ಕಿ ಗುಂಡಿ ತುಂಬಿತು. ನೀರು ಬಿಟ್ಟಾಗ ಪೈಪಿನಿಂದ ಹೊರಗೆ ಸೋರುವ ಜಾಯಿಂಟು, ನೀರು ನಿಲ್ಲಿಸಿದಾಗ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಇದು ವಾಟರ್‌ಮನ್ ಆದ ಯಾರಿಗೂ ಗೊತ್ತು. ಆ ಕರಿ ನೀರಿನಲ್ಲಿ ಮೊಣಕೈ ತನಕ ಕೈಯಾಡಿಸಿ ವಾಲ್ವ್ ತಿರುಗಿಸಿದವನು ನಾನೇ.

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೆ ಸಾಲೆಯಲ್ಲಿ ಒಬ್ಬ ಹುಡುಗಿ ತಲೆನೋವು ಎಂದು ಬೆಂಚಿನ ಮೇಲೆ ತಲೆ ಇಟ್ಟಳು. ಮರುದಿನ ಇನ್ನಿಬ್ಬರು. ಮೊದಲು ಎಲ್ಲರಿಗೂ ತಲೆನೋವೇ. ಬಿಸಿಲಿನದು ಎಂದರು, ದೃಷ್ಟಿ ತಾಗಿದೆ ಎಂದರು, ಉಪ್ಪು ನಿವಾಳಿಸಿದರು. ಜ್ವರ ಬಂದು ಇಳಿಯದೆ ನಿಂತಾಗ ಔರಾದಿನ ದವಾಖಾನೆಗೆ ಒಯ್ದರು. ಅಲ್ಲಿ ರಕ್ತ ನೋಡಿ ಟೈಫಾಯಿಡ್ ಅಂದರು. ಅಲ್ಲಿಯ ಡಾಕ್ಟರು ತಿಳಿಸಿ ಹೇಳಿದ್ದನ್ನು, ಟಪಾಲಿಗೆ ಹೋದವನು ನಾನೇ ನಿಂತು ಕೇಳಿದ್ದೇನೆ. ಈ ಕ್ರಿಮಿ ಬಾಯಿಯಿಂದ ಹೊಟ್ಟೆಗೆ ಹೋಗುತ್ತದೆ, ವಾರ ಎರಡು ವಾರ ಸದ್ದಿಲ್ಲದೆ ಬೆಳೆಯುತ್ತದೆ, ಆಮೇಲೆ ತಲೆನೋವು, ಜ್ವರ. ಬರುವುದು ಹೊಲಸು ಬೆರೆತ ನೀರಿನಿಂದ, ಇಲ್ಲವೇ ಅಡುಗೆ ಮಾಡುವವರ ಕೈಯಿಂದ. ಕೆಲವರ ಮೈಯಲ್ಲಿ ಅದು ಅಡಗಿರುತ್ತದೆ, ಅವರಿಗೆ ಏನೂ ಆಗದು, ಅವರ ಕೈಯಿಂದ ಉಂಡವರಿಗೆ ಆಗುತ್ತದೆ ಎಂದರು. ಡಾಕ್ಟರು ಎರಡು ದಾರಿ ಹೇಳಿದ್ದರು. ಊರಿಗೆ ಮುಟ್ಟುವಷ್ಟರಲ್ಲಿ ಒಂದೇ ಉಳಿದಿತ್ತು.

ಊರಲ್ಲಿ ದೊಡ್ಡವರಿಗೂ ಜ್ವರ ಇತ್ತು. ಆದರೆ ಅವರು ಅಲ್ಲೊಬ್ಬರು ಇಲ್ಲೊಬ್ಬರು, ಗುಳಿಗೆ ನುಂಗಿ ಮನೆಯಲ್ಲೇ ಮಲಗಿದ್ದರು. ಸಾಲೆಯ ಹದಿಮೂರು ಮಕ್ಕಳು ಒಟ್ಟಿಗೆ ಕಣ್ಣಿಗೆ ಬಿದ್ದರು. ಅವರಲ್ಲಿ ಆ ಸದಸ್ಯರ ಮೊಮ್ಮಗನೂ ಒಬ್ಬ.

ಆಗ ಅಕ್ಕ ನನ್ನ ಹತ್ತಿರ ಬಂದಳು. ನಾನು ಟಾಕಿಯ ಬುಡದಲ್ಲಿ ಕೂತು ರಿಜಿಸ್ಟರು ಬರೆಯುತ್ತಿದ್ದೆ. ಓಣಿಯಲ್ಲಿ ಸಾಲೆಗೇ ಬಾರದ ಎರಡು ಕೂಸುಗಳಿಗೂ ಇದೇ ಜ್ವರ ಬಂದಿದೆ, ಅವಕ್ಕೆ ತಾನೇನು ಉಣಿಸಿದ್ದೇನೆ ಎಂದು ಕೇಳಿದಳು. ಆ ಊರಲ್ಲಿ ಅಷ್ಟು ವಿಚಾರ ಮಾಡಿದವಳು ಆಕೆಯೊಬ್ಬಳೇ. ಆಮೇಲೆ ನನ್ನ ಮುಖ ನೋಡಿ ಕೇಳಿದಳು.

"ಕಾಕಾ, ನೀರಾಗ ಪೌಡರ್ ದಿನಾ ಹಾಕ್ತೀರಿ ಅಲ್ರಿ?"

"ದಿನಾ ಹಾಕ್ತೇನಿ. ನೋಡು, ಬರದೀನಿ," ಎಂದು ರಿಜಿಸ್ಟರು ತಿರುಗಿಸಿ ತೋರಿಸಿದೆ.

ಆಕೆ ಓದಿದಳು. ಮಿಶನ್ ಸಾಲೆಯಲ್ಲಿ ಏಳನೆಯ ತನಕ ಕಲಿತವಳು. ಬೆರಳು ಇಟ್ಟು ಒಂದೊಂದೇ ತಾರೀಖು ಓದಿ, ತಲೆ ಅಲ್ಲಾಡಿಸಿ ಹೋದಳು. ನಂಬಿದಳು.

ಆ ವಾರ ಆರೋಗ್ಯ ಇಲಾಖೆಯವರು ನೀರು ನೋಡಲು ಬರುವವರಿದ್ದರು. ಹಿಂದಿನ ದಿನವೇ ಪಂಚಾಯತಿಗೆ ಫೋನ್ ಬಂತು, ನನಗೂ ತಿಳಿಯಿತು. ಬೆಳಗಾದ ಕೂಡಲೇ ಏಣಿ ಹತ್ತಿದೆ. ಗಡ್ಡೆ ಕಟ್ಟಿದ್ದ ಹಳೇ ಪೌಡರನ್ನು ಕುಟ್ಟಿ, ದುಪ್ಪಟ್ಟು ಕಲಸಿ ಸುರಿದೆ. ಸಾಲೆಯ ಟಾಕಿಗೂ ಸುರಿದೆ. ಅವರು ಬಂದು ಸಣ್ಣ ಶೀಶೆಯಲ್ಲಿ ನೀರು ಹಿಡಿದು ಎರಡು ಹನಿ ದವಾ ಬಿಟ್ಟರು. ನೀರು ಹಳದಿ ಆಯಿತು. ಪೌಡರ್ ಇದ್ದರೆ ಹಳದಿ, ಇಲ್ಲದಿದ್ದರೆ ಬಣ್ಣವಿಲ್ಲ. ಅಷ್ಟು ಗಾಢ ಹಳದಿ ನಾನೂ ಎಂದೂ ಕಂಡಿರಲಿಲ್ಲ. ನೀರಿನದೇನೂ ದೋಷವಿಲ್ಲ ಎಂದು ಬರೆದುಕೊಂಡು, ರಿಜಿಸ್ಟರು ನೋಡಿ ನನ್ನ ಬೆನ್ನು ತಟ್ಟಿ ಹೋದರು.

ಅವರು ಹೋದ ಮೂರನೆಯ ದಿನ ಸಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ನಾನೂ ಕಂಬಕ್ಕೆ ಒರಗಿ ನಿಂತಿದ್ದೆ. ಯಾರೋ ಹಿಂದಿನಿಂದ ನೀರು ಹೇಗಿದೆ ಎಂದು ಕೇಳಿದರು. ಒಂದು ಕ್ಷಣ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು.

"ಕಾಕಾರು ದಿನಾ ಹಾಕ್ತಾರ್ರಿ. ನಾ ಕಣ್ಣಾರೆ ರಿಜಿಸ್ಟರ್ ಓದೀನಿ. ಅವರ ಮ್ಯಾಲ ಸುಮ್ನ ಅಪವಾದ ಹಾಕಬ್ಯಾಡ್ರಿ."

ತನಗೆ ಇದ್ದ ಒಂದೇ ಬಾಗಿಲನ್ನು ಆಕೆ ತನ್ನ ಕೈಯಿಂದಲೇ ಮುಚ್ಚಿದಳು. ನನ್ನ ಮೇಲಿನ ಮರ್ಯಾದೆಗೆ ಮುಚ್ಚಿದಳು. ನಾನು ನೆಲ ನೋಡುತ್ತ ನಿಂತೆ. ನೀರು ಚೊಲೊ, ಅಕ್ಕಿ ಸರಕಾರದ್ದು, ಹಾಗಾದರೆ ಉಳಿದದ್ದು ಏನು ಎಂದು ಸದಸ್ಯರು ಕೇಳಿದರು. ಒಬ್ಬ ಹೆಂಗಸು ಎದ್ದು ನಿಂತು, ಆ ಕೈಯ ಅನ್ನ ಉಣ್ಣಬೇಡ ಎಂದು ನನ್ನ ಮಗನಿಗೆ ಮೊದಲೇ ಬಡಿದುಕೊಂಡಿದ್ದೆ ಎಂದಳು. ಅಕ್ಕನ ಮಲ, ರಕ್ತ ಪರೀಕ್ಷೆಗೆ ಕಳಿಸುವುದು, ವರದಿ ಬರುವ ತನಕ ಆಕೆ ಒಲೆಯ ಹತ್ತಿರ ಬರಕೂಡದು ಎಂದು ಠರಾವಾಯಿತು. ಆಕೆ ಸೆರಗಿನಿಂದ ಅಡುಗೆ ಕೋಣೆಯ ಕೀಲಿ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

ಮಾರನೆಯ ದಿನದಿಂದ ನಾನು ತಪ್ಪದೆ ಪೌಡರ್ ಹಾಕತೊಡಗಿದೆ. ಜಾಯಿಂಟನ್ನೂ ಬದಲಿಸಿದೆ. ಭಯ ಅಷ್ಟು ಇತ್ತು. ಎರಡು ಮೂರು ವಾರದಲ್ಲಿ ಹೊಸ ಜ್ವರ ನಿಂತಿತು. ಅಕ್ಕ ಒಲೆ ಬಿಟ್ಟದ್ದೂ ಆಗಲೇ. ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು, ನೋಡು, ಆಕೆ ಹೋದಳು, ಜ್ವರವೂ ಹೋಯಿತು ಎಂದು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು. ನಾನು ಏಣಿ ಹತ್ತಿದ ಪ್ರತಿ ದಿನವೂ ಆಕೆಯ ಮೇಲಿನ ಅಪವಾದ ಗಟ್ಟಿಯಾಗುತ್ತ ಹೋಯಿತು. ನೀರಿನ ವಾಸನೆಗೆ ತಲೆನೋವು ಎಂದು ಆಮೇಲೆ ಒಬ್ಬರೂ ಅನ್ನಲಿಲ್ಲ.

ಮಕ್ಕಳು ಎಲ್ಲರೂ ಉಳಿದರು. ಯಾರೂ ಸಾಯಲಿಲ್ಲ. ಅದಕ್ಕೆ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಯಾರೂ ಸಾಯಲಿಲ್ಲವಾದ್ದರಿಂದ ಯಾರೂ ಮತ್ತೆ ವಿಚಾರಿಸಲೂ ಇಲ್ಲ. ಒಬ್ಬ ಬಡ ಹೆಂಗಸಿನ ಕೆಲಸ ಹೋದದ್ದು ವಿಚಾರಣೆ ಮಾಡುವಷ್ಟು ದೊಡ್ಡ ಸಂಗತಿ ಆಗಿರಲಿಲ್ಲ.

ವರದಿ ಬೀದರಿನ ಲ್ಯಾಬಿನಿಂದ ಔರಾದಿಗೆ ಬಂತು. ಟಪಾಲು ತರುವವನು ನಾನು. ಪಂಚಾಯತಿ ಹೆಸರಿಗಿದ್ದ ಪಾಕೀಟು, ನೆಟ್ಟಗೆ ಅಂಟಿಸಿರಲಿಲ್ಲ. ಸಂತಪುರದ ಬಸ್ಸಿನಲ್ಲಿ ಕೂತು ಬಿಚ್ಚಿ ಓದಿದೆ. ಮೂರು ಸಲ ಕೊಟ್ಟ ಮಾದರಿಯಲ್ಲಿ ಮೂರೂ ಸಲ ಆ ಕ್ರಿಮಿ ಬೆಳೆದಿಲ್ಲ ಎಂದಿತ್ತು. ಹೈಸ್ಕೂಲು ಓದಿದವನಿಗೆ ಅಷ್ಟು ಇಂಗ್ಲಿಷು ತಿಳಿಯುತ್ತದೆ. ಆಕೆಯ ಕೈಯಲ್ಲಿ ಇಲ್ಲ ಎಂದಾದರೆ ಎಲ್ಲರೂ ಮತ್ತೆ ನೀರಿನ ಕಡೆ ತಿರುಗುತ್ತಾರೆ ಎಂಬುದೂ ತಿಳಿಯಿತು. ಪಾಕೀಟನ್ನು ಅಂಗಿಯ ಒಳಗೆ ಇಟ್ಟುಕೊಂಡೆ. ಸದಸ್ಯರು ಒಮ್ಮೆ ವರದಿ ಬಂತೇ ಎಂದು ಕೇಳಿದರು. ಇನ್ನೂ ಬಂದಿಲ್ಲ ಅಂದೆ. ಎರಡನೆಯ ಸಲ ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಹೊಸ ಅಡುಗೆಯವಳು ಬಂದಿದ್ದಳು, ಎಲ್ಲ ಮನೆಯವರಿಗೂ ಒಪ್ಪಿಗೆಯಾಗುವಂಥವಳು. ಅಕ್ಕ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಬೀದರಿನ ಬಸ್ಸು ಹತ್ತಿದಳು. ಹೋಗುವಾಗ ನನಗೆ ನಮಸ್ಕಾರ ಮಾಡಿ ಹೋದಳು.

ಆ ಕಾಗದವನ್ನು ಮರೆತಿದ್ದೆ ಎಂದು ಹೇಳಲಾರೆ. ನನ್ನ ಟ್ರಂಕಿನಲ್ಲಿ, ತೀರಿಕೊಂಡ ಹೆಂಡತಿಯ ಯಾವ ಸೀರೆಯ ಕೆಳಗೆ ಅದು ಇದೆ ಎಂದು ಯಾವಾಗ ಕೇಳಿದರೂ ಹೇಳುತ್ತಿದ್ದೆ. ಒಮ್ಮೆ ಧ್ವಜ ಹಾರಿಸುವ ದಿನ ಪಂಚಾಯತಿಯವರು ಒಳ್ಳೆಯ ಕೆಲಸಗಾರ ಎಂದು ನನಗೆ ಶಾಲು ಹೊದಿಸಿದರು. ಆ ಶಾಲೂ ಅದೇ ಟ್ರಂಕಿನಲ್ಲಿದೆ.

ಹೊಸ ಕನ್ನಡಕ ಬಂದು ತಲೆನೋವು ಹೋದ ಮೇಲೆ ಕಾಗದ ತೆಗೆದು ಓದಿದೆ. ಅಕ್ಷರಗಳು ಮೊದಲಿಗಿಂತ ಸ್ಪಷ್ಟವಾಗಿ ಕಂಡವು. ಮರುವಾರ ಮಗಳಿಗೆ ಡಾಕ್ಟರಿಗೆ ತೋರಿಸಿ ಬರುತ್ತೇನೆ ಎಂದು ಮತ್ತೊಂದು ಸುಳ್ಳು ಹೇಳಿ ಬೀದರಿಗೆ ಹೋದೆ. ಊರಿನವರೊಬ್ಬರಿಂದ ಅಕ್ಕ ಇರುವ ಜಾಗ ತಿಳಿದುಕೊಂಡಿದ್ದೆ. ಓದುವ ಹೆಣ್ಣುಮಕ್ಕಳ ಒಂದು ವಸತಿನಿಲಯ. ಹಿತ್ತಲಿನ ಕಟ್ಟೆಯ ಮೇಲೆ ಕೂತು ಅಡುಗೆಯ ದೊಡ್ಡ ಡಬರಿ ತಿಕ್ಕುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದು ಎದ್ದು, ಕೈ ಒರೆಸಿಕೊಂಡು, ಕಾಕಾ ಬಂದಾರ ಎಂದು ಒಳಗೆ ಹೋಗಿ ಲೋಟದಲ್ಲಿ ನೀರು ತಂದುಕೊಟ್ಟಳು. ಇಲ್ಲಿ ಅಡುಗೆ ಮಾಡುತ್ತೀಯಾ ಎಂದು ಕೇಳಿದೆ. ಬಂದ ಹೊಸದರಲ್ಲಿ ಎಂಟು ದಿನ ಮಾಡಿದಳಂತೆ. ಅಷ್ಟರಲ್ಲಿ ನಮ್ಮ ಕಡೆಯ ಒಬ್ಬ ಹುಡುಗಿ ಓದಲು ಬಂದು, ಈಕೆಯ ಕೈಯಿಂದ ನಮ್ಮೂರ ಸಾಲೆಗೆ ಜ್ವರ ಬಂದಿತ್ತು ಎಂದು ಹೇಳಿದಳಂತೆ. ಅಂದಿನಿಂದ ಭಾಂಡಿ ತಿಕ್ಕುವುದು, ಕಸ ಹೊಡೆಯುವುದು. ಒಲೆಯ ಹತ್ತಿರ ಬಿಡುವುದಿಲ್ಲ. ಚರ್ಚಿನ ಹಬ್ಬದ ಅಡುಗೆಗೂ ತಾನಾಗಿಯೇ ಹೋಗುವುದು ಬಿಟ್ಟಳಂತೆ, ಯಾರಾದರೂ ಏನಾದರೂ ಅಂದಾರು ಎಂದು. ದೂರು ಹೇಳುವ ದನಿ ಇರಲಿಲ್ಲ.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಪೌಡರ್ ಹಾಕುವುದು ಬಿಟ್ಟದ್ದು, ಗುಂಡಿ, ಹಳದಿ ನೀರು. ಕಾಗದ ಕೊಟ್ಟೆ. ಆಕೆ ಬಿಚ್ಚಿ, ತನಗೆ ತಿಳಿಯದ ಭಾಷೆಯ ನಡುವೆ ತನ್ನ ಹೆಸರಿನ ಮೇಲೆ ಬೆರಳು ಇಟ್ಟಳು. ಬಹಳ ಹೊತ್ತು ಆ ಬೆರಳು ಅಲ್ಲೇ ಇತ್ತು. ನಾನು ಬೈಗುಳಕ್ಕೆ ಕಾದೆ. ಕಲ್ಲಿಗೆ ತಲೆ ಕೊಟ್ಟು ನಿಂತಂತೆ ನಿಂತಿದ್ದೆ. ಆಕೆ ನನ್ನ ಕೈಯಲ್ಲಿದ್ದ ಲೋಟ ನೋಡಿದಳು. ನಾನು ಇನ್ನೂ ಮುಟ್ಟಿರಲಿಲ್ಲ.

"ಕುಡೀರಿ. ಕಾಸಿ ಆರಿಸಿದ ನೀರದ," ಅಂದಳು.

ಕುಡಿದೆ.

ನನ್ನದು ತಪ್ಪಾಯಿತು, ಕ್ಷಮಾ ಮಾಡು ಅಂದೆ. ಆಕೆ ಕಾಗದ ಮಡಚಿ ನನ್ನ ಕಡೆ ಚಾಚಿದಳು.

"ನನ್ನ ಕೈ ಸ್ವಚ್ಛ ಅದ ಅಂತ ನನಗ ಅವತ್ತೇ ಗೊತ್ತಿತ್ರಿ. ಈ ಕಾಗದ ನನಗ್ಯಾಕ? ಎಲ್ಲಿ ನನ್ನ ಕೀಲಿ ಕಸಗೊಂಡ್ರು, ಅಲ್ಲಿ ಓದ್ರಿ. ಆಮ್ಯಾಲ ಬರದು ಕೊಡ್ರಿ ನನಗ. ಅಷ್ಟು ದಿನ ಸುಳ್ಳಿಗಿ ಸಹಿ ಮಾಡೀರಿ. ಇದಕ್ಕೂ ಒಂದು ಮಾಡ್ರಿ."

ಇಷ್ಟು ಹೇಳಿ ಡಬರಿಯ ಮುಂದೆ ಕೂತಳು.

ಊರಿಗೆ ಹೋದೆ. ಸಾಲೆಯ ಪಡಸಾಲೆಯಲ್ಲಿ ಕಮಿಟಿಯ ಸಭೆ ಇರುವ ದಿನ ಕೇಳಿಕೊಂಡು ಹೋದೆ. ಈಗಿನ ಹೆಡ್ ಮಾಸ್ತರರು ಹೊಸಬರು, ಎರಡು ಮಾತು ಆಡಲು ಬಿಟ್ಟರು. ಹತ್ತು ಹನ್ನೆರಡು ಜನ ಇದ್ದರು. ಅದೇ ಕಂಬದ ಹತ್ತಿರ ನಿಂತು ಬರೆದುಕೊಂಡು ಹೋದದ್ದನ್ನು ಓದಿದೆ, ಲ್ಯಾಬಿನ ಕಾಗದ ಓದಿದೆ. ಹರೆಯದ ತಾಯಂದಿರಿಗೆ ಯಾರ ಮಾತು ಇದು ಎಂದೇ ತಿಳಿಯಲಿಲ್ಲ. ಆಗ ಜ್ವರ ಬಂದಿದ್ದ ಒಬ್ಬ ಹುಡುಗ ಈಗ ಮಗನ ತಂದೆ, ಅವನು ಮೊಬೈಲಿನಿಂದ ತಲೆ ಎತ್ತಿ, ಹೋಗ್ಲಿ ಬಿಡ್ರಿ ಅಜ್ಜಾ, ಈಗ ನಾವು ಫಿಲ್ಟರ್ ನೀರು ಕುಡಿಯುತ್ತೇವೆ ಅಂದ. ಅಂದು ಎದ್ದು ನಿಂತು ಮಾತಾಡಿದ್ದ ಹೆಂಗಸು ಮೂಲೆಯಲ್ಲಿ ಕೂತಿದ್ದಳು. ಸೆರಗು ಎಳೆದುಕೊಂಡು ಎದ್ದು ಹೋದಳು. ನಾಚಿಕೆಗೋ ಬೇಸರಕ್ಕೋ ನನಗೆ ತಿಳಿಯದು.

ಸದಸ್ಯರು ಈಗ ಸದಸ್ಯರಲ್ಲ. ಮುದುಕರಾಗಿ ಮನೆಯ ಕಟ್ಟೆಯ ಮೇಲೆ ಕೂಡುತ್ತಾರೆ. ಅವರಿಗೂ ಓದಿ ತೋರಿಸಿದೆ. ಎಲ್ಲ ಕೇಳಿ, ದನಿ ತಗ್ಗಿಸಿ ಆಡಿದ್ದು ಒಂದೇ ಮಾತು.

"ಕಮ್ಮಿ ಹಾಕು ಅಂತ ನಾ ಹೇಳಿದ್ದು ಇದರಾಗ ಬರದಿ ಏನ್?"

ಬರೆದಿದ್ದೇನೆ ಅಂದೆ. ಅದನ್ನು ತೆಗೆ ಅಂದರು. ತೆಗೆಯುವುದಿಲ್ಲ ಅಂದೆ. ಆ ಊರಲ್ಲಿ ಅವರಿಗೆ ಎದುರು ಮಾತಾಡಿದ್ದು ನಾನು ಅದೇ ಮೊದಲು. ಅದನ್ನು ಅಕ್ಕ ಕೀಲಿ ಇಟ್ಟ ದಿನ ಕಂಬದ ಹತ್ತಿರ ಮಾಡಿದ್ದರೆ ಸಾಕಾಗುತ್ತಿತ್ತು.

ಎರಡನೆಯ ಸಲ ಬೀದರಿಗೆ ಹೋದಾಗ ನಾಲ್ಕು ಪುಟ ಬರೆದು ಒಯ್ದಿದ್ದೆ. ನನ್ನ ಪೂರ್ತಿ ಹೆಸರು, ಊರು, ಸಹಿ. ಮೊದಲು ವಸತಿನಿಲಯದ ಮೇಲ್ವಿಚಾರಕಿಗೆ ತೋರಿಸಿದೆ. ಓದಿ ಪಾಪ ಅಂದರು. ಆದರೆ ಈಗ ಇಲ್ಲಿ ಗ್ಯಾಸಿನ ದೊಡ್ಡ ಒಲೆ, ನೂರಾರು ಮಕ್ಕಳ ಅಡುಗೆ, ಆಕೆಗೆ ವಯಸ್ಸಾಗಿದೆ, ಡಬರಿ ಎತ್ತಲಾರಳು, ಇನ್ನು ಒಲೆಯ ಮಾತು ಎಲ್ಲಿ ಬಂತು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಕೆಯ ಕೈ ಸ್ವಚ್ಛ ಎಂದು ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ಆ ಕೈಗಳ ಬಲ ಹೋಗಿತ್ತು.

ಹಿತ್ತಲಿಗೆ ಹೋಗಿ ಪುಟಗಳನ್ನು ಕೊಟ್ಟೆ. ಊರಲ್ಲಿ ಓದಿದೆ ಎಂದು ಹೇಳಿದೆ. ಯಾರು ಏನಂದರು ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತು ಹಿಂದಿನಂತೆಯೇ ಬೆರಳು ಇಟ್ಟು ಒಂದೊಂದೇ ಸಾಲು ಓದಿದಳು. ನಾಲ್ಕನೆಯ ಪುಟದ ಕೆಳಗೆ ಬೆರಳು ನಿಂತಿತು. ನನ್ನ ಅದೇ ಚೆಂದದ ಸಹಿ. ಟಾಕಿಯ ಬುಡದಲ್ಲಿ ಆಕೆ ಅಂದು ಓದಿ ನಂಬಿದ ಸಹಿ.

ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಇದು ಖರೇ ಅದ ಏನ್ರಿ ಕಾಕಾ?"